ವಿಶ್ವದ ನಂ. 1 ನಾಯಕ ಎಂದರೆ ಯಾರ ಕಣ್ಣಿಗೆ? ಜಾಗತಿಕ ಸಮೀಕ್ಷೆಗಳ ಅಂಕಿ ಹುಟ್ಟುವ ಬಗೆ

ಜುಲೈ 2025ರಲ್ಲಿ ಸುದ್ದಿವಾಹಿನಿಗಳಲ್ಲೆಲ್ಲ ಒಂದೇ ಸುದ್ದಿ ಓಡಿತು. ಅಮೆರಿಕದ ಮಾರ್ನಿಂಗ್ ಕನ್ಸಲ್ಟ್ ಸಂಸ್ಥೆಯ ಪಟ್ಟಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರಿಗೆ ಶೇ. 75 ಮೆಚ್ಚುಗೆ, ಮೊದಲ ಸ್ಥಾನ. ಎರಡನೆಯವರು ದಕ್ಷಿಣ ಕೊರಿಯಾದ ಅಧ್ಯಕ್ಷ ಲೀ ಜೇ ಮ್ಯುಂಗ್, ಶೇ. 59. "ವಿಶ್ವದ ಅತ್ಯಂತ ಜನಪ್ರಿಯ ನಾಯಕ" ಎಂಬ ತಲೆಬರಹದೊಂದಿಗೆ ಇದು ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಇದಕ್ಕೆ ಉತ್ತರವಾಗಿ ಎತ್ತಿ ತೋರಿಸುವ ಅಂಕಿಯೂ ಒಂದಿದೆ. ಅದು ಅಮೆರಿಕದ್ದೇ ಇನ್ನೊಂದು ಸಮೀಕ್ಷಾ ಸಂಸ್ಥೆ ಪ್ಯೂ ರಿಸರ್ಚ್ ಸೆಂಟರ್ 2023ರಲ್ಲಿ ಪ್ರಕಟಿಸಿದ್ದು. ಹನ್ನೆರಡು ದೇಶಗಳಲ್ಲಿ ಕೇಳಿದಾಗ ಮೋದಿ ಅವರ ಮೇಲೆ ಭರವಸೆ ಇದೆ ಎಂದವರು ಶೇ. 37, ಇಲ್ಲ ಎಂದವರು ಶೇ. 40.

ಎರಡರಲ್ಲಿ ಯಾವುದು ನಿಜ ಎಂದು ಓದುಗರು ಕೇಳುತ್ತಾರೆ. ಎರಡೂ ನಿಜ. ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ, ಏಕೆಂದರೆ ಎರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಬೇರೆ ಬೇರೆ ಜನ ಕೊಟ್ಟ ಉತ್ತರ. ಗೊಂದಲ ಹುಟ್ಟುವುದು ಎರಡನ್ನೂ "ಜಗತ್ತು ಹೀಗೆ ಹೇಳುತ್ತಿದೆ" ಎಂಬ ಒಂದೇ ಚೀಲಕ್ಕೆ ತುಂಬಿದಾಗ.

ಮನೆಯವರ ಮಾತು, ನೆರೆಯೂರಿನವರ ಮಾತು

ಮನೆ ಯಜಮಾನನ ಬಗ್ಗೆ ಮನೆಯವರನ್ನು ಕೇಳುವುದು ಬೇರೆ, ನೆರೆಯೂರಿನವರನ್ನು ಕೇಳುವುದು ಬೇರೆ. ಮಾರ್ನಿಂಗ್ ಕನ್ಸಲ್ಟ್ ಕೇಳುವುದು ಮನೆಯವರನ್ನು. ಭಾರತದ ಪ್ರಧಾನಿಯ ಬಗ್ಗೆ ಭಾರತೀಯರನ್ನು, ಫ್ರಾನ್ಸಿನ ಅಧ್ಯಕ್ಷರ ಬಗ್ಗೆ ಫ್ರೆಂಚರನ್ನು, ಕೊರಿಯಾದ ಅಧ್ಯಕ್ಷರ ಬಗ್ಗೆ ಕೊರಿಯನ್ನರನ್ನು. ಆಮೇಲೆ ಆ ಅಂಕಿಗಳನ್ನು ಒಂದರ ಕೆಳಗೊಂದು ಜೋಡಿಸುತ್ತಾರೆ. ಮೋದಿ ಅವರ 75ರಲ್ಲಿ ಒಬ್ಬನೇ ಒಬ್ಬ ಕೊರಿಯನ್ನನ ಅಭಿಪ್ರಾಯವೂ ಸೇರಿಲ್ಲ. ಲೀ ಅವರ 59ರಲ್ಲಿ ಒಬ್ಬ ಭಾರತೀಯನದೂ ಇಲ್ಲ. ಹಾಗಾಗಿ ಆ ಪಟ್ಟಿಯಿಂದ "ತಮ್ಮ ದೇಶದವರಿಂದ ಅತಿ ಹೆಚ್ಚು ಮೆಚ್ಚುಗೆ ಪಡೆದ ನಾಯಕ" ಎಂಬುದಷ್ಟೇ ಹೊರಡುತ್ತದೆ. ಅದು ಸಣ್ಣ ಮಾತಲ್ಲ. ಹನ್ನೊಂದು ವರ್ಷ ಅಧಿಕಾರದಲ್ಲಿದ್ದ ನಾಯಕರಿಗೆ ಅಷ್ಟು ಬೆಂಬಲ ಉಳಿಯುವುದು ಪ್ರಜಾಪ್ರಭುತ್ವಗಳಲ್ಲಿ ಅಪರೂಪ. ಆದರೆ ಅದು ಜಗತ್ತಿನ ತೀರ್ಪೂ ಅಲ್ಲ.

ಪಟ್ಟಿಯಲ್ಲಿ ಯಾರಿಲ್ಲ ಎಂಬುದನ್ನೂ ನೋಡಬೇಕು. ಅಲ್ಲಿರುವುದು ಇಪ್ಪತ್ತಕ್ಕಿಂತ ತುಸು ಹೆಚ್ಚು ನಾಯಕರು, ಬಹುಪಾಲು ಚುನಾಯಿತ ಸರ್ಕಾರಗಳವರು. ಚೀನಾದ ಷಿ ಜಿನ್‌ಪಿಂಗ್ ಇಲ್ಲ, ರಷ್ಯಾದ ಪುಟಿನ್ ಇಲ್ಲ. ಇನ್ನು ಫ್ರಾನ್ಸ್, ಬ್ರಿಟನ್, ಜರ್ಮನಿಯ ನಾಯಕರು ಈಚೆಗೆ ಹೆಚ್ಚಾಗಿ ತಳದಲ್ಲಿರುವುದಕ್ಕೆ ಆ ದೇಶಗಳ ರಾಜಕೀಯದಲ್ಲೇ ಕಾರಣವಿದೆ. ಅಲ್ಲಿ ಮತಗಳು ನಾಲ್ಕೈದು ಪಕ್ಷಗಳಿಗೆ ಹಂಚಿಹೋಗಿವೆ. ತನ್ನ ಪಕ್ಷದ ಮತದಾರರನ್ನು ಬಿಟ್ಟರೆ ಮಿಕ್ಕವರೆಲ್ಲ "ಮೆಚ್ಚುವುದಿಲ್ಲ" ಎನ್ನುವುದರಿಂದ ಶೇ. 30 ದಾಟುವುದೇ ಅಲ್ಲಿನ ನಾಯಕರಿಗೆ ಕಷ್ಟ.

ಪ್ಯೂ ಕೇಳಿದ್ದು ನೆರೆಯೂರಿನವರನ್ನು. ಅದರ ಪ್ರಶ್ನೆಯ ಧಾಟಿಯೂ ಬೇರೆ: ಜಾಗತಿಕ ವಿದ್ಯಮಾನಗಳಲ್ಲಿ ಈ ನಾಯಕರು ಸರಿಯಾದದ್ದನ್ನೇ ಮಾಡುತ್ತಾರೆಂಬ ಭರವಸೆ ನಿಮಗೆ ಎಷ್ಟಿದೆ? ರಸ್ತೆ, ಗ್ಯಾಸು, ಪಡಿತರ ಇದರಲ್ಲಿ ಬರುವುದೇ ಇಲ್ಲ. ಅದೇ ವರ್ಷ ಅದೇ ಪ್ಯೂ ಭಾರತದೊಳಗೂ ಕೇಳಿತು. ಮೋದಿ ಅವರ ಬಗ್ಗೆ ಒಳ್ಳೆಯ ಅಭಿಪ್ರಾಯವಿದೆ ಎಂದವರು ಶೇ. 79. ಅಂದರೆ ಮನೆಯೊಳಗಿನ ಮಟ್ಟಿಗೆ ಎರಡು ಸಂಸ್ಥೆಗಳ ಅಂಕಿಯೂ ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುತ್ತದೆ.

75 ಇದ್ದ ಮೇಲೆ ಮತ ಮಾತ್ರ ಏಕೆ 36?

2024ರ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿಗೆ ಬಂದ ಮತಪ್ರಮಾಣ ಶೇ. 36.56, ಸೀಟು 240. ಎನ್‌ಡಿಎಗೆ 293. ಮತದಾನ ಮುಗಿದ ಸಂಜೆ, ಜೂನ್ 1ರಂದು, ಬಹುತೇಕ ಎಕ್ಸಿಟ್ ಪೋಲ್‌ಗಳು ಎನ್‌ಡಿಎಗೆ 350ರಿಂದ 400 ಎಂದಿದ್ದವು. ಇದನ್ನು ತೋರಿಸಿ "ನೋಡಿ, ಶೇ. 75 ಎನ್ನುವುದೆಲ್ಲ ಬುರುಡೆ" ಎನ್ನುವವರಿದ್ದಾರೆ. ಅದೂ ಆತುರದ ತೀರ್ಮಾನವೇ.

ಮೊದಲನೆಯದಾಗಿ, ಮೆಚ್ಚುಗೆ ಮತವಲ್ಲ. "ಪ್ರಧಾನಿ ಚೆನ್ನಾಗಿ ಕೆಲಸ ಮಾಡುತ್ತಿದ್ದಾರೆ" ಎನ್ನುವ ತಮಿಳುನಾಡಿನ ಮತದಾರ ದ್ರಾವಿಡ ಪಕ್ಷಕ್ಕೆ ಮತ ಹಾಕಬಹುದು. ಕರ್ನಾಟಕದಲ್ಲಿ ಇದಕ್ಕೆ ಪಾಠ ಬೇಕಿಲ್ಲ. ಮೇ 2023ರ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ 135 ಸ್ಥಾನ ಕೊಟ್ಟ ರಾಜ್ಯವೇ ಒಂದು ವರ್ಷದ ನಂತರ ಲೋಕಸಭೆಗೆ ಬಿಜೆಪಿಯಿಂದ 17, ಜೆಡಿಎಸ್‌ನಿಂದ 2, ಕಾಂಗ್ರೆಸ್ಸಿನಿಂದ 9 ಮಂದಿಯನ್ನು ಕಳಿಸಿತು. ಮಿತ್ರಪಕ್ಷಗಳ ಮತದಾರರೂ ಪ್ರಧಾನಿಯನ್ನು ಮೆಚ್ಚುವವರೇ, ಆದರೆ ಅವರ ಮತ ಬಿಜೆಪಿಯ ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯದು ಹೆಚ್ಚು ಮುಖ್ಯ, ಸುದ್ದಿಗಳಲ್ಲಿ ಅದು ಕಾಣುವುದೇ ಕಡಿಮೆ. ಮಾರ್ನಿಂಗ್ ಕನ್ಸಲ್ಟ್ ಸಮೀಕ್ಷೆ ನಡೆಯುವುದು ಆನ್‌ಲೈನ್‌ನಲ್ಲಿ. ಭಾರತದ ಮಾದರಿ, ಅಂದರೆ ಕೇಳಲು ಆರಿಸಿದ ಜನರ ಗುಂಪು, ಅಕ್ಷರಸ್ಥರನ್ನು ಮಾತ್ರ ಪ್ರತಿನಿಧಿಸುತ್ತದೆ ಎಂದು ಸಂಸ್ಥೆಯೇ ಹೇಳುತ್ತದೆ. 2011ರ ಜನಗಣತಿಯಲ್ಲಿ ಅಕ್ಷರಸ್ಥರು ಸುಮಾರು ನಾಲ್ಕರಲ್ಲಿ ಮೂರು ಪಾಲು. ಉಳಿದ ಒಂದು ಪಾಲು, ಅಂದರೆ ಹೆಚ್ಚಾಗಿ ವಯಸ್ಸಾದವರು, ಹಳ್ಳಿಯ ಹೆಂಗಸರು, ಕೂಲಿಯವರು, ಈ ಲೆಕ್ಕದಲ್ಲಿ ಇಲ್ಲ. ಓದು ಬಂದವರಲ್ಲೂ ಮೊಬೈಲಿನಲ್ಲಿ ಸಮೀಕ್ಷೆ ತುಂಬುವ ಅಭ್ಯಾಸವಿರುವವರು ಇನ್ನೂ ಕಡಿಮೆ. ಸಿಗದವರ ಕೊರತೆ ತುಂಬಲು ಸಿಕ್ಕವರಿಗೆ 'ತೂಕ' ಕೊಡುತ್ತಾರೆ. ಜನಸಂಖ್ಯೆಯಲ್ಲಿ ಹೆಂಗಸರು 49, ಮಾದರಿಯಲ್ಲಿ ಸಿಕ್ಕಿದ್ದು 40 ಎಂದಾದರೆ ಪ್ರತಿ ಹೆಂಗಸಿನ ಉತ್ತರವನ್ನೂ 1.22ರಿಂದ ಗುಣಿಸಿ ಸರಿದೂಗಿಸುತ್ತಾರೆ. ಆದರೆ ಗುಣಿಸಬೇಕಾದರೆ ಆ ಬಗೆಯವರು ಒಂದಷ್ಟಾದರೂ ಸಿಕ್ಕಿರಬೇಕು. ಓದುಬಾರದ ಅಜ್ಜಿ ಮಾದರಿಯಲ್ಲಿ ಒಬ್ಬಳೂ ಇಲ್ಲವೆಂದರೆ ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ. ಓದಿದ ಅಜ್ಜಿಗೆ ಹೆಚ್ಚು ತೂಕ ಕೊಟ್ಟು ಓದದ ಅಜ್ಜಿಯ ಜಾಗ ತುಂಬಿದರೆ, ಇಬ್ಬರೂ ಒಂದೇ ರೀತಿ ಯೋಚಿಸುತ್ತಾರೆಂದು ಊಹಿಸಿಕೊಂಡಂತೆ.

ಇದರಿಂದ 75 ಎನ್ನುವುದು 65 ಆಗಬೇಕೋ 80 ಆಗಬೇಕೋ ಎಂದು ಹೇಳಲಾಗದು. ಆದರೆ ಜುಲೈನಲ್ಲಿ 75 ಇದ್ದದ್ದು ಮುಂದೆ 70 ಆದರೆ, ಅದೇ ವಿಧಾನದಲ್ಲಿ ಅದೇ ಬಗೆಯ ಜನರನ್ನು ಕೇಳಿದ್ದರಿಂದ ಇಳಿಕೆಯನ್ನು ನಂಬಬಹುದು. ಇಂಥ ಸಮೀಕ್ಷೆಗಳಲ್ಲಿ ಒಂದು ದಿನದ ಎತ್ತರಕ್ಕಿಂತ ಏರಿಳಿತದ ದಿಕ್ಕಿಗೆ ಬೆಲೆ ಹೆಚ್ಚು.

ಮಧ್ಯಾಂಕ ಬಚ್ಚಿಡುವ ಸಂಗತಿ

ಪ್ಯೂ ಹೇಳಿದ ಶೇ. 37 ಸರಾಸರಿ ಅಲ್ಲ, ಮಧ್ಯಾಂಕ. ಹನ್ನೆರಡು ದೇಶಗಳ ಅಂಕಿಗಳನ್ನು ಕೆಳಗಿನಿಂದ ಮೇಲಕ್ಕೆ ಸಾಲಾಗಿ ನಿಲ್ಲಿಸಿ ನಡುವಿನ ಎರಡರ ಮಧ್ಯವನ್ನು ತೆಗೆದುಕೊಂಡದ್ದು. ಇಲ್ಲಿ ಪ್ರತಿ ದೇಶಕ್ಕೂ ಒಂದೇ ತೂಕ. ಸುಮಾರು 28 ಕೋಟಿ ಜನರ ಇಂಡೊನೇಷ್ಯಕ್ಕೂ ಒಂದು ಕೋಟಿಯ ಆಸುಪಾಸಿನ ಇಸ್ರೇಲಿಗೂ ಸಾಲಿನಲ್ಲಿ ಒಂದೊಂದೇ ಜಾಗ. ಹಾಗಾಗಿ "ಜಗತ್ತಿನ ಶೇ. 37 ಜನ" ಎಂದು ಬರೆದರೆ ತಪ್ಪಾಗುತ್ತದೆ.

ದೇಶಗಳ ಆಯ್ಕೆಯೂ ಮಧ್ಯಾಂಕವನ್ನು ಆಚೀಚೆ ಎಳೆಯುತ್ತದೆ. 2023ರಲ್ಲಿ ಭಾರತದ ಬಗ್ಗೆ ಕೇಳಿದ 23 ದೇಶಗಳಲ್ಲಿ ಹತ್ತು ಯುರೋಪಿನವು. ಬಾಂಗ್ಲಾದೇಶ ಇಲ್ಲ, ನೇಪಾಳ ಇಲ್ಲ, ಶ್ರೀಲಂಕಾ ಇಲ್ಲ, ಪಾಕಿಸ್ತಾನ ಇಲ್ಲ. ಲಕ್ಷಾಂತರ ಭಾರತೀಯರು ದುಡಿಯುವ ಕೊಲ್ಲಿ ರಾಷ್ಟ್ರಗಳಲ್ಲಿ ಒಂದೂ ಇಲ್ಲ. ಆ 23ರ ಮಧ್ಯಾಂಕದ ಪ್ರಕಾರ ಭಾರತದ ಬಗ್ಗೆ ಒಳ್ಳೆಯ ಅಭಿಪ್ರಾಯ ಉಳ್ಳವರು ಶೇ. 46, ಇಲ್ಲದವರು ಶೇ. 34. ಇಸ್ರೇಲಿನಲ್ಲಿ ಇದು ಶೇ. 71ರಷ್ಟು ಎತ್ತರ. ಫ್ರಾನ್ಸಿನಲ್ಲಿ 2008ರಲ್ಲಿ ಶೇ. 70 ಇದ್ದದ್ದು 2023ರಲ್ಲಿ ಶೇ. 39ಕ್ಕೆ ಇಳಿದಿತ್ತು. ನನ್ನ ಮಟ್ಟಿಗೆ ಆ ವರದಿಯಲ್ಲಿ ಹೆಚ್ಚು ಯೋಚಿಸಬೇಕಾದ ಅಂಕಿ ಈ ಇಳಿಕೆಯೇ. 46ರ ಹೊಗಳಿಕೆಯಲ್ಲಿ ಅದು ಮರೆಯಾಯಿತು.

ಇನ್ನೊಂದು, "ಗೊತ್ತಿಲ್ಲ" ಎಂದವರ ಪಾಲು. ಅಮೆರಿಕದಲ್ಲಿ ಮೋದಿ ಅವರ ಮೇಲೆ ಭರವಸೆ ಇದೆ ಎಂದವರು ಶೇ. 21, ಇಲ್ಲ ಎಂದವರು ಶೇ. 37. ಉಳಿದ ಶೇ. 40ರಷ್ಟು ಮಂದಿ ಅವರ ಹೆಸರನ್ನೇ ಕೇಳಿರಲಿಲ್ಲ. ಇದನ್ನು "ಐವರಲ್ಲಿ ಒಬ್ಬ ಅಮೆರಿಕನ್ನನಿಗೆ ಮಾತ್ರ ಮೋದಿ ಮೇಲೆ ನಂಬಿಕೆ" ಎಂದು ಬರೆದರೆ ಅಂಕಿ ತಪ್ಪಿರುವುದಿಲ್ಲ, ಅರ್ಥ ಪೂರ್ತಿ ತಪ್ಪಿರುತ್ತದೆ. ನಮ್ಮಲ್ಲೂ ಹೀಗೇ. 2025ರಲ್ಲಿ ಪ್ಯೂ ಇಸ್ರೇಲಿನ ಬಗ್ಗೆ 24 ದೇಶಗಳಲ್ಲಿ ಕೇಳಿದಾಗ 20ರಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಟ್ಟ ಅಭಿಪ್ರಾಯ ಹೇಳಿದರು. ಭಾರತದಲ್ಲಿ ಒಳ್ಳೆಯದು ಎಂದವರು ಶೇ. 34, ಕೆಟ್ಟದು ಎಂದವರು ಶೇ. 29. "ಭಾರತೀಯರು ಇಸ್ರೇಲ್ ಪರ" ಎಂಬ ತಲೆಬರಹ ಇದರಿಂದ ಹುಟ್ಟುತ್ತದೆ. ಆದರೆ ಇಲ್ಲಿನ ದೊಡ್ಡ ಗುಂಪು ಯಾವ ಅಭಿಪ್ರಾಯವನ್ನೂ ಹೇಳದವರದು, ಮೂರನೇ ಒಂದಕ್ಕಿಂತಲೂ ಹೆಚ್ಚು.

ಜಗಲಿಯ ಮೇಲೆ ಒಂದು ಗಂಟೆ

ಅಮೆರಿಕದಲ್ಲಿ ಫೋನ್ ಮಾಡಿ ಕೇಳುತ್ತಿದ್ದ ಕಾಲ ಮುಗಿಯುತ್ತಾ ಬಂದಿದೆ. 1997ರಲ್ಲಿ ಪ್ಯೂ ಕರೆಗಳಿಗೆ ನೂರರಲ್ಲಿ 36 ಮಂದಿ ಉತ್ತರಿಸುತ್ತಿದ್ದರು, 2018ರ ಹೊತ್ತಿಗೆ ಅದು 6ಕ್ಕೆ ಇಳಿದಿತ್ತು. ಭಾರತದಲ್ಲಿ ಪ್ಯೂ ಈಗಲೂ ಮನೆಬಾಗಿಲಿಗೇ ಹೋಗುತ್ತದೆ. 2023ರಲ್ಲಿ ಮಾರ್ಚ್ 25ರಿಂದ ಮೇ 11ರವರೆಗೆ 2,611 ವಯಸ್ಕರನ್ನು ಮುಖತಃ ಮಾತಾಡಿಸಿದ್ದರು.

ಇಂಥ ಸಮೀಕ್ಷೆಯಲ್ಲಿ ಮೊದಲು ಹಳ್ಳಿ ಮತ್ತು ನಗರದ ವಾರ್ಡುಗಳನ್ನು ಚೀಟಿ ಎತ್ತಿದಂತೆ ಆರಿಸುತ್ತಾರೆ. ಜನ ಹೆಚ್ಚಿರುವ ಊರಿಗೆ ಆಯ್ಕೆಯಾಗುವ ಅವಕಾಶವೂ ಅಷ್ಟೇ ಹೆಚ್ಚು. ಊರಿನೊಳಗೆ ಒಂದು ಗುರುತಿನಿಂದ, ಶಾಲೆಯೋ ಪಂಚಾಯ್ತಿ ಕಟ್ಟಡವೋ, ಹೊರಟು ಗೊತ್ತು ಮಾಡಿದಷ್ಟು ಮನೆಗಳನ್ನು ಬಿಟ್ಟು ಮುಂದಿನ ಮನೆಯ ಬಾಗಿಲು ತಟ್ಟಬೇಕು. ಬಾಗಿಲು ತೆಗೆದವರನ್ನೇ ಕೇಳುವಂತಿಲ್ಲ. ಮನೆಯ ವಯಸ್ಕರೆಲ್ಲರ ಪಟ್ಟಿ ಮಾಡಿ, ಅದರಲ್ಲಿ ಸಮೀಕ್ಷೆಗಾರರ ಕೈಯ ಟ್ಯಾಬ್ ಆರಿಸಿದ ಒಬ್ಬರನ್ನೇ ಕೇಳಬೇಕು. ಅವರು ಹೊಲಕ್ಕೆ ಹೋಗಿದ್ದರೆ ಮತ್ತೆ ಬರಬೇಕು.

ಎಡವಟ್ಟಾಗುವುದು ಇಲ್ಲೇ. ಆಯ್ಕೆಯಾದದ್ದು ಸೊಸೆ ಎಂದುಕೊಳ್ಳಿ. ಜಗಲಿಯ ಮೇಲೆ ಚಾಪೆ ಹಾಸುತ್ತಾರೆ, ಕಾಫಿ ಬರುತ್ತದೆ, ಪಕ್ಕದ ಮನೆಯವರೂ ಬಂದು ಕೂರುತ್ತಾರೆ. "ಬೇರೆ ಧರ್ಮದವರು ನಿಮ್ಮ ಪಕ್ಕದ ಮನೆಗೆ ಬಂದರೆ ಒಪ್ಪುತ್ತೀರಾ?" ಎಂದು ಕೇಳಿದರೆ ಅತ್ತೆ ಉತ್ತರ ಕೊಡುತ್ತಾರೆ, ಮಾವ ತಿದ್ದುತ್ತಾರೆ, ಸೊಸೆ ತಲೆಯಾಡಿಸುತ್ತಾಳೆ. ಟ್ಯಾಬಿನಲ್ಲಿ ದಾಖಲಾಗುವುದು ಸೊಸೆಯ ಉತ್ತರವೆಂದು. ಸೊಸೆಯನ್ನು ಒಬ್ಬಳನ್ನೇ ಒಳಮನೆಯಲ್ಲಿ ಕೂರಿಸಿ ಮಾತಾಡಲು ಬಿಡುವ ಮನೆಗಳು ಕಡಿಮೆ. ಹೆಂಗಸರನ್ನು ಕೇಳಲು ಹೆಂಗಸರನ್ನೇ ಕಳಿಸುವುದು, ಸಂದರ್ಶನದ ತುಣುಕನ್ನು ಧ್ವನಿಮುದ್ರಿಸಿ ಮೇಲ್ವಿಚಾರಕರು ಕೇಳಿನೋಡುವುದು, ಕೆಲವು ಮನೆಗಳಿಗೆ ಇನ್ನೊಬ್ಬರು ಹೋಗಿ ಖಾತ್ರಿ ಮಾಡಿಕೊಳ್ಳುವುದು, ಇವೆಲ್ಲ ಈ ಎಡವಟ್ಟು ತಡೆಯುವ ಉಪಾಯಗಳು. ಎಷ್ಟು ಮಾಡಿದರೂ ಪೂರ್ತಿ ತಡೆಯಲಾಗದು. ಸೂಕ್ಷ್ಮ ಪ್ರಶ್ನೆಗಳಿಗೆ ಬರುವ ಉತ್ತರ ಒಬ್ಬರ ಮನಸ್ಸಿನದ್ದಕ್ಕಿಂತ ಆ ಮನೆಯ, ಆ ಬೀದಿಯ ಒಪ್ಪಿತ ಮಾತಾಗಿರುವ ಸಾಧ್ಯತೆ ಇದ್ದೇ ಇರುತ್ತದೆ.

ಮಾದರಿ ಗಾತ್ರದ ಲೆಕ್ಕವನ್ನೂ ಇಲ್ಲೇ ನೋಡಿಬಿಡೋಣ. ಸಾವಿರ ಜನರನ್ನು ಕೇಳಿದರೆ ಅಂಕಿ ಸುಮಾರು 3 ಅಂಶ ಆಚೀಚೆ ಇರಬಹುದು. 2,600 ಆದರೆ ಸುಮಾರು 2. ಒಂದೇ ಊರಿನಲ್ಲಿ ಹಲವರನ್ನು ಕೇಳುವುದರಿಂದ, ಮತ್ತು ಒಂದೇ ಊರಿನವರು ಒಂದೇ ರೀತಿ ಯೋಚಿಸುವುದು ಹೆಚ್ಚಾದ್ದರಿಂದ, ನಿಜವಾದ ಅಂತರ ಇದಕ್ಕಿಂತ ದೊಡ್ಡದು. ಇಡೀ ದೇಶಕ್ಕೆ ಇದು ಸಾಕು. ಆದರೆ ಕರ್ನಾಟಕದ ಜನಸಂಖ್ಯೆ ದೇಶದ ಶೇ. 5ರಷ್ಟು. 2,600ರಲ್ಲಿ ಕನ್ನಡ ನಾಡಿನವರು ಸುಮಾರು 130. ಅಷ್ಟು ಜನರ ಉತ್ತರ ಎಂಟೊಂಬತ್ತು ಅಂಶ ಆಚೀಚೆ ತೂಗುತ್ತದೆ. 50 ಎಂದರೆ 42 ಇದ್ದರೂ ಇರಬಹುದು, 58 ಇದ್ದರೂ ಇರಬಹುದು. "ಟ್ರಂಪ್ ಬಗ್ಗೆ ಕನ್ನಡಿಗರು ಏನೆನ್ನುತ್ತಾರೆ" ಎಂದು ಇಂಥ ಸಮೀಕ್ಷೆಯಿಂದ ಯಾರಾದರೂ ಬರೆದರೆ ಪುಟ ಮಗುಚಬಹುದು.

ಧರ್ಮ ಎಂದು ಕೇಳಿದರೆ ಕಿವಿಗೆ ಬೀಳುವುದೇನು?

ನಾಯಕರ ಬಗ್ಗೆ ಕೇಳುವುದಕ್ಕಿಂತ ಧರ್ಮದ ಬಗ್ಗೆ ಕೇಳುವುದು ಕಷ್ಟ. ಭಾರತದಲ್ಲಿ ಈ ವಿಷಯದ ದೊಡ್ಡ ಸಮೀಕ್ಷೆ ಪ್ಯೂ ಜೂನ್ 2021ರಲ್ಲಿ ಪ್ರಕಟಿಸಿದ್ದು. 29,999 ವಯಸ್ಕರು, 17 ಭಾಷೆಗಳು. ಕೇಳಿದ ಅವಧಿ ನವೆಂಬರ್ 17, 2019ರಿಂದ ಮಾರ್ಚ್ 23, 2020. ಪೌರತ್ವ ತಿದ್ದುಪಡಿ ಕಾಯ್ದೆಯ ಬಿಸಿ ಊರೂರಲ್ಲಿ ಇದ್ದ ತಿಂಗಳುಗಳು ಅವು. ಭದ್ರತೆಯ ಕಾರಣಕ್ಕೆ ಕಾಶ್ಮೀರ ಕಣಿವೆಯಲ್ಲಿ ಕೇಳಲಿಲ್ಲ. ಕೋವಿಡ್ ಬಂದದ್ದರಿಂದ ಮಣಿಪುರ, ಸಿಕ್ಕಿಂ ಬಿಟ್ಟುಹೋದವು.

ಆ ವರದಿಯಿಂದ ಇಬ್ಬರು ಎರಡು ಅಂಕಿ ಎತ್ತಿಕೊಂಡರು. ನಿಜವಾದ ಭಾರತೀಯನಾಗಲು ಎಲ್ಲ ಧರ್ಮಗಳನ್ನೂ ಗೌರವಿಸುವುದು ಬಹಳ ಮುಖ್ಯ ಎಂದವರು ಶೇ. 84. ಸಹಿಷ್ಣು ದೇಶ ಎಂದು ಒಬ್ಬರು ಬರೆದರು. ಹಿಂದೂ ಹೆಂಗಸರು ಬೇರೆ ಧರ್ಮದವರನ್ನು ಮದುವೆಯಾಗದಂತೆ ತಡೆಯುವುದು ಬಹಳ ಮುಖ್ಯ ಎಂದ ಹಿಂದೂಗಳು ಶೇ. 67. ತಮ್ಮ ಸಮುದಾಯದ ಹೆಂಗಸರ ವಿಷಯದಲ್ಲಿ ಹಾಗೇ ಹೇಳಿದ ಮುಸ್ಲಿಮರು ಶೇ. 80. ಅಸಹಿಷ್ಣು ದೇಶ ಎಂದು ಇನ್ನೊಬ್ಬರು ಬರೆದರು. ಎರಡೂ ಉತ್ತರ ಕೊಟ್ಟವರು ಬಹುಮಟ್ಟಿಗೆ ಅದೇ ಜನ. ಅವರ ಮನಸ್ಸಿನಲ್ಲಿ ಇದು ವಿರೋಧಾಭಾಸವೇ ಅಲ್ಲ. ಹಬ್ಬಕ್ಕೆ ಸಿಹಿ ಹಂಚುವುದು ಗೌರವ, ಹೆಣ್ಣು ಕೊಡುವುದು ತರುವುದು ಬೇರೆ ಮಾತು. ಈ ಎರಡನ್ನೂ ಒಟ್ಟಿಗೆ ಹಿಡಿದು ನೋಡದವರಿಗೆ ಆ ವರದಿ ಅರ್ಥವಾಗುವುದಿಲ್ಲ. ಕರ್ಮಸಿದ್ಧಾಂತವನ್ನು ನಂಬುವ ಹಿಂದೂಗಳು ಶೇ. 77, ನಂಬುವ ಮುಸ್ಲಿಮರೂ ಶೇ. 77 ಎಂಬ ಅಂಕಿ ಅದೇ ವರದಿಯಲ್ಲಿದೆ. ಅದು ಯಾರ ವಾದಕ್ಕೂ ಒದಗದ ಕಾರಣವೋ ಏನೋ, ಹೆಚ್ಚು ಓಡಾಡಲಿಲ್ಲ.

ಇದಕ್ಕಿಂತ ಆಳದ ತೊಡಕು ಪದದ್ದು. "ನಿಮ್ಮ ಬದುಕಿನಲ್ಲಿ ಧರ್ಮ ಎಷ್ಟು ಮುಖ್ಯ?" ಎಂದು ಕನ್ನಡದಲ್ಲಿ ಕೇಳಿ ನೋಡಿ. ನಮಗೆ ಧರ್ಮ ಎಂದರೆ ಪೂಜೆ ಪುನಸ್ಕಾರ ಮಾತ್ರವಲ್ಲ. ದಾನಧರ್ಮವೂ ಧರ್ಮ. "ಹೀಗೆ ಮಾಡುವುದು ಧರ್ಮವಲ್ಲ" ಎಂದರೆ ನ್ಯಾಯವಲ್ಲ ಎಂದರ್ಥ. ದೇವಸ್ಥಾನದ ಮೆಟ್ಟಿಲು ಹತ್ತದವರೂ ಧರ್ಮ ಮುಖ್ಯವಲ್ಲ ಎಂದು ಹೇಳಲು ಹಿಂಜರಿಯುತ್ತಾರೆ. ಹಾಗೆಂದು 'ಮತ' ಎಂದು ಕೇಳಿದರೆ "ಯಾರಿಗೆ ಮತ?" ಎಂಬ ಅರ್ಥ ಬಂದು ಕೂರುತ್ತದೆ. ಅನುವಾದವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಪರೀಕ್ಷಿಸುವ ರೂಢಿ ಇದೆ. ಆದರೆ ನಿಘಂಟಿನ ಮಟ್ಟದಲ್ಲಿ ಎರಡೂ ಸರಿಯಾಗಿರುವುದರಿಂದ ಈ ತೊಡಕು ಆ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಇಪ್ಪತ್ತು ಮೂವತ್ತು ಮಂದಿಯನ್ನು ಕೂರಿಸಿ "ಈ ಪ್ರಶ್ನೆಯಿಂದ ನಿಮಗೇನು ಅರ್ಥವಾಯಿತು?" ಎಂದು ಮೊದಲೇ ಕೇಳಿದರೆ ಮಾತ್ರ ಗೊತ್ತಾಗುತ್ತದೆ. "ನಿಮ್ಮದು ಯಾವ ಧರ್ಮ?" ಎಂಬ ಸರಳ ಪ್ರಶ್ನೆಯೂ ಸರಳವಲ್ಲ. ಸೆಪ್ಟೆಂಬರ್ 22, 2025ರಂದು ಶುರುವಾದ ರಾಜ್ಯದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಯಲ್ಲಿ ಧರ್ಮದ ಕಾಲಂನಲ್ಲಿ ಹಿಂದೂ ಎಂದು ಬರೆಸಬೇಕೋ ಲಿಂಗಾಯತ ಎಂದೋ ಎಂಬ ಚರ್ಚೆ ಎಷ್ಟು ಬಿಸಿಯಾಗಿತ್ತೆಂದು ಎಲ್ಲರೂ ಕಂಡಿದ್ದಾರೆ.

ಮುಸ್ಲಿಂ ದೇಶಗಳ ಬಗ್ಗೆ ಪದೇ ಪದೇ ಉದ್ಧರಿಸುವ ಪ್ಯೂನ 2013ರ ಸಮೀಕ್ಷೆಯಲ್ಲೂ ಇದೇ ತೊಡಕು. ಷರೀಯತ್ ದೇಶದ ಕಾನೂನಾಗಬೇಕು ಎಂದ ಮುಸ್ಲಿಮರು ಅಫ್ಘಾನಿಸ್ತಾನದಲ್ಲಿ ಶೇ. 99, ಪಾಕಿಸ್ತಾನದಲ್ಲಿ ಶೇ. 84, ಟರ್ಕಿಯಲ್ಲಿ ಶೇ. 12, ಅಜರ್‌ಬೈಜಾನ್‌ನಲ್ಲಿ ಶೇ. 8. ಒಂದೇ ಧರ್ಮದವರಲ್ಲಿ 91 ಅಂಶಗಳ ಅಂತರ. ಷರೀಯತ್ ಎಂದಾಗ ಒಬ್ಬರಿಗೆ ಮದುವೆ, ಆಸ್ತಿ ಹಂಚಿಕೆ ನೆನಪಾಗುತ್ತದೆ, ಇನ್ನೊಬ್ಬರಿಗೆ ಕೈಕಡಿಯುವ ಶಿಕ್ಷೆ. 'ಮುಸ್ಲಿಂ ಜಗತ್ತಿನ ಅಭಿಪ್ರಾಯ' ಎಂದು ಒಂದೇ ಅಂಕಿ ಕೊಡುವವರು ಅಫ್ಘಾನಿಸ್ತಾನವನ್ನು ಹಿಡಿದಿದ್ದಾರೋ ಅಜರ್‌ಬೈಜಾನ್ ಅನ್ನೋ ಎಂದು ಮೊದಲು ನೋಡಬೇಕು.

ಬಾಯಿ ಬಿಡಲು ಹೆದರುವ ಕಡೆ

ರಷ್ಯಾದಲ್ಲಿ ಲೆವಾಡಾ ಕೇಂದ್ರ ಎಂಬ ಸ್ವತಂತ್ರ ಸಂಸ್ಥೆ ಇದೆ. ಸರ್ಕಾರ 2016ರಲ್ಲಿ ಅದಕ್ಕೆ 'ವಿದೇಶಿ ಏಜೆಂಟ್' ಎಂಬ ಹಣೆಪಟ್ಟಿ ಹಚ್ಚಿತು. ಅದರ ಸಮೀಕ್ಷೆಯಲ್ಲಿ ಪುಟಿನ್ ಅವರಿಗೆ ಜನವರಿ 2022ರಲ್ಲಿ ಶೇ. 69 ಮೆಚ್ಚುಗೆ ಇತ್ತು. ಉಕ್ರೇನಿನ ಮೇಲೆ ಯುದ್ಧ ಶುರುವಾದ ನಂತರ ಮಾರ್ಚ್‌ನಲ್ಲಿ ಶೇ. 83. ಜನ ಹೆದರಿ ಹೇಳಿದ್ದೋ ಮನಸ್ಸಿನಿಂದ ಹೇಳಿದ್ದೋ?

ಇದನ್ನು ಅಳೆಯಲು ಒಂದು ಜಾಣ ಉಪಾಯವಿದೆ. ಜನರನ್ನು ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಸ್ಟಾಲಿನ್, ಬ್ರೆಝ್ನೆವ್, ಯೆಲ್ಟ್‌ಸಿನ್ ಎಂಬ ಮೂರು ಹೆಸರು ತೋರಿಸಿ, ಇವರಲ್ಲಿ ಎಷ್ಟು ಮಂದಿಯನ್ನು ಬೆಂಬಲಿಸುತ್ತೀರಿ, ಹೆಸರು ಬೇಡ, ಸಂಖ್ಯೆ ಮಾತ್ರ ಹೇಳಿ ಎನ್ನುತ್ತಾರೆ. ಇನ್ನೊಂದು ಗುಂಪಿಗೆ ಅದೇ ಮೂರರ ಜೊತೆ ಪುಟಿನ್ ಹೆಸರು. ಮೊದಲ ಗುಂಪಿನ ಸರಾಸರಿ 1.2, ಎರಡನೆಯದರದ್ದು 1.9 ಬಂದಿತೆಂದುಕೊಳ್ಳಿ. ಆ 0.7 ಪುಟಿನ್ ಅವರದು, ಅಂದರೆ ಶೇ. 70. ಯಾವ ವ್ಯಕ್ತಿ ಏನೆಂದನೆಂದು ಕೇಳಿದವರಿಗೂ ಗೊತ್ತಾಗುವುದಿಲ್ಲ. 2015ರ ಆರಂಭದಲ್ಲಿ ಸಂಶೋಧಕರು ಹೀಗೆ ಮಾಡಿದಾಗ ನೇರ ಪ್ರಶ್ನೆಗೂ ಇದಕ್ಕೂ ಬಂದ ವ್ಯತ್ಯಾಸ ಸುಮಾರು 10 ಅಂಶಗಳೊಳಗಿತ್ತು. ಆಗಿನ ಬೆಂಬಲದ ಹೆಚ್ಚಿನ ಪಾಲು ನಿಜವೇ ಆಗಿತ್ತು. ಯುದ್ಧಕಾಲದ ಬಾಯಿಮಾತನ್ನು 2015ರ ಅಳತೆಯಿಂದ ಅಳೆಯಲು ಮಾತ್ರ ಆಗದು. ಬಾಗಿಲು ತೆಗೆಯದೆ ಸುಮ್ಮನಿದ್ದವರನ್ನು ಈ ಉಪಾಯವೂ ಹಿಡಿಯುವುದಿಲ್ಲ.

ಕೇಳಿದ ತಾರೀಕು, ಪ್ರಕಟಿಸಿದ ತಾರೀಕು

ಜೂನ್ 2025ರಲ್ಲಿ ಪ್ಯೂ ವರದಿಯೊಂದು ಬಂತು. ಡೊನಾಲ್ಡ್ ಟ್ರಂಪ್ ಮೇಲೆ ಭರವಸೆ ಇರುವವರು 24 ದೇಶಗಳ ಮಧ್ಯಾಂಕದಲ್ಲಿ ಶೇ. 34, ಭಾರತದಲ್ಲಿ ಶೇ. 52. ಆಗಸ್ಟ್ 27ರಂದು ಭಾರತದ ಸರಕಿನ ಮೇಲೆ ಅಮೆರಿಕದ ಸುಂಕ ಶೇ. 50ಕ್ಕೆ ಏರಿತು. ಆ ಮೇಲೆ "ಇಷ್ಟಾದರೂ ಭಾರತೀಯರಿಗೆ ಟ್ರಂಪ್ ಬೇಕು" ಎಂದು ಆ 52ನ್ನು ಎತ್ತಿ ತೋರಿಸಿದರೆ ತಪ್ಪಾಗುತ್ತದೆ, ಏಕೆಂದರೆ ಜನರನ್ನು ಕೇಳಿದ್ದು ಜನವರಿ 8ರಿಂದ ಏಪ್ರಿಲ್ 26ರ ನಡುವೆ. ಹೊಡೆತ ಬೀಳುವ ಮುಂಚಿನ ಮಾತು ಅದು.

ಇಂಥ ಅಭಿಪ್ರಾಯ ಎಷ್ಟು ಬೇಗ ತಿರುಗುತ್ತದೆಂದರೆ, ಜರ್ಮನಿಯಲ್ಲಿ ಅಮೆರಿಕದ ಅಧ್ಯಕ್ಷರ ಮೇಲಿನ ಭರವಸೆ 2008ರಲ್ಲಿ, ಬುಷ್ ಕಾಲದಲ್ಲಿ, ಶೇ. 14 ಇತ್ತು. ಮರುವರ್ಷ ಒಬಾಮ ಬಂದಾಗ ಶೇ. 93. ಇಂಡೊನೇಷ್ಯದಲ್ಲಿ ಅಮೆರಿಕದ ಬಗ್ಗೆ 2002ರಲ್ಲಿ ಶೇ. 61 ಇದ್ದ ಒಳ್ಳೆಯ ಅಭಿಪ್ರಾಯ ಇರಾಕ್ ಯುದ್ಧದ ನಂತರ 2003ರಲ್ಲಿ ಶೇ. 15ಕ್ಕೆ ಕುಸಿಯಿತು. ಸುನಾಮಿ ಸಂತ್ರಸ್ತರಿಗೆ ಅಮೆರಿಕದ ಹಡಗುಗಳು ನೆರವು ತಂದ ಮೇಲೆ 2005ರಲ್ಲಿ ಶೇ. 38ಕ್ಕೆ ಏರಿತು.

ಪಕ್ಷಪಾತದ ಆರೋಪ

"ಇವೆಲ್ಲ ಪಾಶ್ಚಾತ್ಯ ಸಂಸ್ಥೆಗಳು, ಭಾರತವನ್ನು ಕೆಳಗಿಡಲೆಂದೇ ಇರುವುದು" ಎಂಬ ವಾದವಿದೆ. "ದೇಶದೊಳಗಿನ ಅಂಕಿ ನಂಬಲಾಗದು, ಹೊರಗಿನವರು ಹೇಳಿದ್ದೇ ಸತ್ಯ" ಎಂಬುದು ಅದರ ಎದುರು ವಾದ. ಒಂದೇ ವರದಿಯಲ್ಲಿ ಭಾರತದೊಳಗೆ 79, ಹೊರಗೆ 37 ಎಂದು ಬರೆದ ಸಂಸ್ಥೆಯ ಮುಂದೆ ಎರಡೂ ವಾದ ನಿಲ್ಲುವುದಿಲ್ಲ. ಕೆಳಗಿಡುವ ಉದ್ದೇಶವಿದ್ದರೆ 79 ಏಕೆ? ಹೊರಗಿನವರದ್ದೇ ಸತ್ಯವೆಂದರೆ ಆ 79ನ್ನು ಅಳೆದದ್ದೂ ಹೊರಗಿನವರೇ.

ಪಕ್ಷಪಾತದ ಆರೋಪಕ್ಕೆ ಹೆಚ್ಚು ಆಧಾರವಿರುವುದು ಸೂಚ್ಯಂಕಗಳ ವಿಷಯದಲ್ಲಿ. ಪ್ರಜಾಪ್ರಭುತ್ವ ಸೂಚ್ಯಂಕ, ಪತ್ರಿಕಾ ಸ್ವಾತಂತ್ರ್ಯ ಸೂಚ್ಯಂಕಗಳು ಜನಸಮೀಕ್ಷೆಗಳಲ್ಲ. ಅವುಗಳಲ್ಲಿ ಪರಿಣತರ ಅಂಕಗಳದ್ದೇ ದೊಡ್ಡ ಪಾಲು. ಧಾರ್ಮಿಕ ನಿರ್ಬಂಧಗಳ ಬಗ್ಗೆ ಪ್ಯೂ ಕೊಡುವ ಸೂಚ್ಯಂಕವೂ ಪ್ರಕಟಿತ ವರದಿಗಳನ್ನು ಓದಿ ಅಂಕ ಹಾಕಿದ್ದು, ಜನರನ್ನು ಕೇಳಿದ್ದಲ್ಲ. ಪರಿಣತರು ಯಾರು, ಎಷ್ಟು ಮಂದಿ, ಅವರನ್ನು ಆರಿಸಿದವರು ಯಾರು ಎಂಬ ಪ್ರಶ್ನೆಯನ್ನು ಪ್ರಧಾನಿಯವರ ಆರ್ಥಿಕ ಸಲಹಾ ಮಂಡಳಿಯ ಸಂಜೀವ್ ಸನ್ಯಾಲ್ ಮತ್ತು ಆಕಾಂಕ್ಷಾ ಅರೋರಾ 2022ರ ಪ್ರಬಂಧದಲ್ಲಿ ಎತ್ತಿದ್ದರು. ಆ ಪ್ರಶ್ನೆ ನ್ಯಾಯವಾದದ್ದು. ಅದನ್ನು ಜನಸಮೀಕ್ಷೆಗಳ ಮೇಲೂ ಹಾಗೇ ಹೊರಿಸುವುದು ನ್ಯಾಯವಲ್ಲ.

ಅಭಿಪ್ರಾಯದಿಂದ ಆಗುವುದೇನು?

ಹೊರದೇಶದವರ ಅಭಿಪ್ರಾಯದಿಂದ ನಮ್ಮ ಗಂಟೇನು ಹೋಗುತ್ತದೆ ಎನ್ನಬಹುದು. ಟರ್ಕಿಯ ಉದಾಹರಣೆ ನೋಡಿ. ಅಮೆರಿಕದ ಬಗ್ಗೆ ಅಲ್ಲಿನವರ ಒಳ್ಳೆಯ ಅಭಿಪ್ರಾಯ 2000ದ ಸುಮಾರಿಗೆ ಶೇ. 52 ಇತ್ತು, 2002ರಲ್ಲಿ ಶೇ. 30ಕ್ಕೆ ಇಳಿದಿತ್ತು. ಇರಾಕಿನ ಮೇಲೆ ಉತ್ತರದಿಂದ ನುಗ್ಗಲು 62,000 ಅಮೆರಿಕನ್ ಸೈನಿಕರನ್ನು ತನ್ನ ನೆಲದಲ್ಲಿ ಇಳಿಸಿಕೊಳ್ಳುವ ಪ್ರಸ್ತಾಪ ಮಾರ್ಚ್ 1, 2003ರಂದು ಅಲ್ಲಿನ ಸಂಸತ್ತಿಗೆ ಬಂತು. ಪರ 264, ವಿರುದ್ಧ 250, ತಟಸ್ಥ 19. ಬೇಕಿದ್ದದ್ದು 267. ಆಡಳಿತ ಪಕ್ಷಕ್ಕೆ ಭಾರಿ ಬಹುಮತವಿತ್ತು, ಆದರೆ ಬೀದಿಯಲ್ಲಿದ್ದ ವಿರೋಧವನ್ನು ಕಂಡ ಅದರ ಸದಸ್ಯರೇ ಕೈಕೊಟ್ಟರು. ಕಡಲತೀರದಲ್ಲಿ ಕಾಯುತ್ತಿದ್ದ ಯುದ್ಧಸಾಮಗ್ರಿಯ ಹಡಗುಗಳು ಸೂಯೆಜ್ ಕಾಲುವೆಯ ಮೂಲಕ ಸುತ್ತಿ ಬಳಸಿ ಕುವೈತಿಗೆ ಹೋಗಬೇಕಾಯಿತು.

ಭಾರತಕ್ಕೂ ಇಂಥದ್ದು ಆಗಿದೆ, ಸಮೀಕ್ಷೆಗಳ ಕಣ್ಣಿಗೆ ಬೀಳದ ಜಾಗದಲ್ಲಿ. 23 ದೇಶಗಳ ಮಧ್ಯಾಂಕದಲ್ಲಿ ಭಾರತದ ಬಗ್ಗೆ ಕೆಟ್ಟದ್ದಕ್ಕಿಂತ ಒಳ್ಳೆಯ ಅಭಿಪ್ರಾಯವೇ ಹೆಚ್ಚು ಎಂದು ಪ್ಯೂ ಪ್ರಕಟಿಸಿದ್ದು ಆಗಸ್ಟ್ 29, 2023ರಂದು. ಮುಂದಿನ ತಿಂಗಳ 30ರಂದು ಮಾಲ್ಡೀವ್ಸ್‌ನ ಅಧ್ಯಕ್ಷ ಚುನಾವಣೆಯಲ್ಲಿ ಮೊಹಮ್ಮದ್ ಮುಯಿಝು ಸುಮಾರು ಶೇ. 54 ಮತ ಪಡೆದು ಗೆದ್ದರು. ಅವರ ಬಣ ಪ್ರಚಾರದುದ್ದಕ್ಕೂ ಕೂಗಿದ್ದು 'ಇಂಡಿಯಾ ಔಟ್'. ಆ 23 ದೇಶಗಳ ಪಟ್ಟಿಯಲ್ಲಿ ಮಾಲ್ಡೀವ್ಸ್ ಇರಲಿಲ್ಲ. ಅಲ್ಲಿ ಎರಡು ಹೆಲಿಕಾಪ್ಟರ್ ಮತ್ತು ಒಂದು ಡಾರ್ನಿಯರ್ ವಿಮಾನ ನೋಡಿಕೊಳ್ಳುತ್ತಿದ್ದ ಭಾರತದ ಸೈನಿಕರು ಮೇ 10, 2024ರೊಳಗೆ ಹೊರಟರು. ಅವರ ಜಾಗಕ್ಕೆ ಹೋದವರು ಸಮವಸ್ತ್ರವಿಲ್ಲದ ತಂತ್ರಜ್ಞರು, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಎಚ್‌ಎಎಲ್‌ನ ಸಿಬ್ಬಂದಿ.